ದೋಣಿಯ ಕಚ್ಚಿಕೊಂಡ ಸ್ಕ್ರೂಗಳಿಗೆ ಎಣ್ಣೆ, ಪೆಟ್ಟು, ಬಿಸಿ, ಎಕ್ಸ್‌ಟ್ರ್ಯಾಕ್ಟರ್: ಬಳಸಿ ನೋಡಿದ ಮೇಲಿನ ಹೋಲಿಕೆ

ನನ್ನ ಹಳೆಯ ಹಾಯಿದೋಣಿಯ ಅಲ್ಯೂಮಿನಿಯಂ ಕಂಬಕ್ಕೆ ಹಗ್ಗ ಸುತ್ತುವ ಕ್ಲೀಟುಗಳನ್ನೂ ಹಗ್ಗ ಎಳೆದು ಬಿಗಿಯುವ ವಿಂಚಿನ ತಳಪಟ್ಟಿಯನ್ನೂ ಹಿಡಿದಿಟ್ಟಿದ್ದ ಹನ್ನೆರಡು ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂಗಳಲ್ಲಿ ಒಂದೂ ಸ್ಕ್ರೂಡ್ರೈವರಿಗೆ ಅಲುಗಲಿಲ್ಲ. ಅವುಗಳನ್ನು ಬಿಚ್ಚುವ ಹೊತ್ತಿಗೆ ನುಸುಳುವ ಎಣ್ಣೆ, ಸುತ್ತಿಗೆಯಿಂದ ಹೊಡೆದು ತಿರುಗಿಸುವ ಕೈ ಇಂಪ್ಯಾಕ್ಟ್ ಡ್ರೈವರ್, ಬಿಸಿಗಾಳಿಯ ಗನ್, ಎಡಕ್ಕೆ ತಿರುಗಿ ಕೊರೆಯುವ ಎಡಸುತ್ತಿನ ಡ್ರಿಲ್ ಬಿಟ್ ಮತ್ತು ಮುರಿದ ಸ್ಕ್ರೂವನ್ನು ಹೊರತೆಗೆಯುವ ಸ್ಕ್ರೂ ಎಕ್ಸ್‌ಟ್ರ್ಯಾಕ್ಟರ್ ಎಲ್ಲವೂ ನನ್ನ ಕೈ ದಾಟಿ ಹೋದವು. ಇವುಗಳಲ್ಲಿ ಇಂಪ್ಯಾಕ್ಟ್ ಡ್ರೈವರ್ ಮತ್ತು ಬಿಸಿಗಾಳಿಯ ಗನ್ನಿನ ಜೋಡಿಗೆ ನಾನು ಮನಸ್ಸು ಕೊಟ್ಟಿದ್ದೇನೆ. ಎಕ್ಸ್‌ಟ್ರ್ಯಾಕ್ಟರ್ ಸೆಟ್ಟನ್ನು ಮತ್ತೆ ಕೊಳ್ಳುವುದಿಲ್ಲ. ಹಾಗೇಕೆ ಎಂಬುದನ್ನು ಹೇಳುವುದಕ್ಕೇ ಈ ಹೋಲಿಕೆಯ ಹೆಚ್ಚಿನ ಭಾಗ ಖರ್ಚಾಗಲಿದೆ.

ಮೊದಲು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಕಬ್ಬಿಣದ ಬೋಲ್ಟು ಕಬ್ಬಿಣದ ನಟ್ಟಿನಲ್ಲಿ ಹಿಡಿದುಕೊಂಡರೆ ಅದಕ್ಕೆ ಕಾರಣ ಕಣ್ಣಿಗೆ ಕಾಣುವ ಕೆಂಪು ತುಕ್ಕು. ಅಲ್ಯೂಮಿನಿಯಂ ಒಳಗೆ ಕುಳಿತ ಸ್ಟೇನ್‌ಲೆಸ್ ಸ್ಕ್ರೂ ಮಾತ್ರ ತಾನು ಹೊಳೆಯುತ್ತಲೇ ಇರುತ್ತದೆ, ಆದರೂ ಬಿಡುವುದಿಲ್ಲ. ಉಪ್ಪುನೀರು ತಗುಲಿದಾಗ ಈ ಎರಡು ಲೋಹಗಳು ಸಣ್ಣದೊಂದು ಬ್ಯಾಟರಿಯಂತೆ ವರ್ತಿಸುತ್ತವೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಸವೆದಾಗ ಹುಟ್ಟುವ ಬಿಳಿ ಪುಡಿಯು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಥ್ರೆಡ್‌ಗಳ ನಡುವೆ ಗಾರೆ ತುಂಬಿದಂತೆ ಬಿಗಿದುಕೊಳ್ಳುತ್ತದೆ. ಎಣ್ಣೆ ಇಲ್ಲಿ ನಿಧಾನವಾಗುವುದು ಇದೇ ಕಾರಣಕ್ಕೆ, ಏಕೆಂದರೆ ಅದು ಇಳಿದುಹೋಗಲು ಬೇಕಾದ ಸಂದು ಉಳಿದಿರುವುದೇ ಇಲ್ಲ.

ಎಣ್ಣೆಗೆ ನಾನು ಅನ್ಯಾಯ ಮಾಡಿಲ್ಲ. ಒಂದು ವಾರ, ದಿನಕ್ಕೆ ಎರಡು ಹೊತ್ತು ಹಾಕಿ, ಪ್ರತಿ ಸಲವೂ ಸ್ಕ್ರೂವಿನ ತಲೆಯ ಮೇಲೆ ಸಣ್ಣ ಸುತ್ತಿಗೆಯಿಂದ ಹತ್ತಾರು ಬಾರಿ ತಟ್ಟಿದೆ. ಹನ್ನೆರಡರಲ್ಲಿ ಎರಡು ಬಿಟ್ಟುಕೊಟ್ಟವು. ಡಬ್ಬದ ಎಣ್ಣೆ ಮುಗಿದಾಗ, ಗೇರಿಗೆ ಹಾಕುವ ಎಟಿಎಫ್ ಎಣ್ಣೆ ಮತ್ತು ಅಸಿಟೋನನ್ನು ಸಮಪಾಲು ಬೆರೆಸಿ ಬಳಸಿದೆ. ಈ ಮಿಶ್ರಣ ನಿಂತಲ್ಲೇ ಬೇರ್ಪಡುವುದರಿಂದ ಪ್ರತಿ ಸಲವೂ ಕುಲುಕಿ ಹಾಕಬೇಕು; ಅಸಿಟೋನ್ ಬಣ್ಣವನ್ನೂ ಅಕ್ರಿಲಿಕ್ ಕಿಟಕಿಯನ್ನೂ ಹಾಳುಮಾಡುತ್ತದೆ, ಬೇಗ ಬೆಂಕಿಯನ್ನೂ ಹಿಡಿಯುತ್ತದೆ. ಅದರಿಂದ ಹೆಚ್ಚುವರಿಯಾಗಿ ಒಂದು ಸ್ಕ್ರೂ ಕೂಡ ಬರಲಿಲ್ಲ. ಕಬ್ಬಿಣದ ನಟ್ಟುಗಳ ವಿಷಯದಲ್ಲಿ ಎಣ್ಣೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದೆ.

ಕೈ ಇಂಪ್ಯಾಕ್ಟ್ ಡ್ರೈವರ್ ಸರಳವಾದ ಉಪಕರಣ. ಹಿಂಬದಿಗೆ ಸುತ್ತಿಗೆಯಿಂದ ಹೊಡೆದರೆ ಒಳಗಿನ ಓರೆ ಜಾಡು ಆ ಪೆಟ್ಟಿನ ಒಂದು ಪಾಲನ್ನು ತಿರುಗುವಿಕೆಯಾಗಿ ಬದಲಿಸುತ್ತದೆ. ಉಳಿದ ಪಾಲು ತುದಿಗೆ ಸಿಕ್ಕಿಸಿದ ಬಿಟ್ಟನ್ನು ಸ್ಕ್ರೂ ತಲೆಯ ಸೀಳಿನೊಳಗೆ ಒತ್ತಿ ಹಿಡಿಯುವುದರಿಂದ, ಸ್ಕ್ರೂಡ್ರೈವರಿನಲ್ಲಿ ಆಗುವಂತೆ ಬಿಟ್ಟು ಮೇಲಕ್ಕೆ ಜಾರಿ ಸೀಳನ್ನು ಸವೆಸುವುದಿಲ್ಲ. ಪೆಟ್ಟಿನ ನಡುಕಕ್ಕೆ ಬಿಳಿ ಪುಡಿಯೂ ಬಿರುಕು ಬಿಡುತ್ತದೆ. ಬಿಚ್ಚುವ ದಿಕ್ಕಿಗೆ ಹೊಡೆಯುವ ಮೊದಲು ಬಿಗಿಯುವ ದಿಕ್ಕಿಗೆ ಒಂದೆರಡು ಹಗುರವಾದ ಪೆಟ್ಟು ಕೊಟ್ಟರೆ ಹಿಡಿತ ಇನ್ನೂ ಬೇಗ ಸಡಿಲುತ್ತದೆ. ಬಿಟ್ಟಿನ ತುದಿಗೆ ಎಂಜಿನ್ ವಾಲ್ವ್ ಅರೆಯುವ ಪೇಸ್ಟನ್ನು ತುಸು ಹಚ್ಚಿದರೆ ಅರೆಸವೆದ ಸೀಳಿನಲ್ಲೂ ಅದು ಕಚ್ಚಿ ನಿಲ್ಲುತ್ತದೆ. ಬರೀ ಈ ಡ್ರೈವರಿಗೆ ಐದು ಸ್ಕ್ರೂಗಳು ಬಂದವು. ಫೈಬರ್‌ಗ್ಲಾಸಿನ ತೆಳುವಾದ ಭಾಗದ ಮೇಲೆ ಮಾತ್ರ ಹೀಗೆ ಹೊಡೆಯಬಾರದು, ಹೊಡೆದರೆ ಅದರ ಹೊಳಪಿನ ಹೊರಪದರವಾದ ಜೆಲ್‌ಕೋಟ್ ನಕ್ಷತ್ರಾಕಾರದಲ್ಲಿ ಬಿರಿಯುತ್ತದೆ.

ಇನ್ನು ಮೂರು ಸ್ಕ್ರೂಗಳಿಗೆ ಬಿಸಿಯೂ ಬೇಕಾಯಿತು. ಬಿಸಿ ಮಾಡಿದರೆ ತೂತು ಹಿಗ್ಗುತ್ತದೆ ಎಂದು ಎಲ್ಲರೂ ಹೇಳುವುದುಂಟು, ಆದರೆ ಎಷ್ಟು ಹಿಗ್ಗುತ್ತದೆ ಎಂದು ಲೆಕ್ಕ ಹಾಕಿ ನೋಡಿದಾಗ ನನಗೇ ಆಶ್ಚರ್ಯವಾಯಿತು. ಅಲ್ಯೂಮಿನಿಯಂ ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 23 ಪಾಲು ಹಿಗ್ಗಿದರೆ ಸ್ಟೇನ್‌ಲೆಸ್ ಸ್ಟೀಲ್ ಸುಮಾರು 16 ಪಾಲು ಹಿಗ್ಗುತ್ತದೆ. ಹಾಗಾಗಿ 6 ಮಿ.ಮೀ. ಸ್ಕ್ರೂವನ್ನೂ ಅದರ ತೂತನ್ನೂ 100 ಡಿಗ್ರಿ ಬಿಸಿ ಮಾಡಿದಾಗ ಸಿಗುವ ಹೆಚ್ಚುವರಿ ಸಡಿಲು ಸುಮಾರು 4 ಮೈಕ್ರಾನ್ ಮಾತ್ರ, ಅಂದರೆ ತಲೆಗೂದಲಿನ ದಪ್ಪದ ಸಣ್ಣದೊಂದು ಭಾಗ. ಆದರೂ ಕೆಲಸ ಆಗುತ್ತದೆ, ಏಕೆಂದರೆ ಆ ಅಲ್ಪ ಚಲನೆಯೇ ಪುಡಿಯನ್ನು ಒಡೆಯುತ್ತದೆ. ಮೂರು ನಾಲ್ಕು ಬಾರಿ ಕಾಯಿಸಿ ಆರಿಸಿದರೆ, ಆರಿದ ಮೇಲೆ ಹಾಕಿದ ಎಣ್ಣೆ ಹೊಸ ಬಿರುಕುಗಳೊಳಗೆ ಇಳಿಯುತ್ತದೆ. ಕಾಯಿಸಬೇಕಾದ್ದು ಸ್ಕ್ರೂವಿನ ತಲೆಯನ್ನಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಅನ್ನು.

ಗ್ಯಾಸ್ ಟಾರ್ಚನ್ನು ನಾನು ದೋಣಿಯ ಮೇಲೆ ಬಳಸುವುದಿಲ್ಲ. ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಕೆ ಕೊಡುವ ಲೋಹವಲ್ಲ. ಸುಮಾರು 660 ಡಿಗ್ರಿಗೆ ಒಮ್ಮೆಲೇ ಕುಸಿಯುತ್ತದೆ, ಅದಕ್ಕೆ ಬಹಳ ಮೊದಲೇ ತನ್ನ ಗಟ್ಟಿತನವನ್ನು ಕಳೆದುಕೊಳ್ಳುತ್ತದೆ. ಪೆಟ್ರೋಲಿನ ಆವಿಯೂ ಅಡುಗೆ ಅನಿಲವೂ ಗಾಳಿಗಿಂತ ಭಾರವಾದ್ದರಿಂದ ದೋಣಿಯ ತಳದಲ್ಲಿ ಕೂತಿರುತ್ತವೆ, ಅಲ್ಲಿಗೆ ಜ್ವಾಲೆ ತರುವ ಧೈರ್ಯ ನನಗಿಲ್ಲ. ಬಿಸಿಗಾಳಿಯ ಗನ್ನಿನ ಒಳತಂತಿಯೂ ಕೆಂಪಗೆ ಕಾಯುವುದರಿಂದ, ಅದನ್ನು ಹಚ್ಚುವ ಮೊದಲು ತಳವನ್ನು ಗಾಳಿಗೆ ಬಿಟ್ಟು, ಎಣ್ಣೆಯನ್ನೂ ಅಸಿಟೋನನ್ನೂ ಪೂರ್ತಿ ಒರೆಸಿ ತೆಗೆಯುತ್ತೇನೆ. ಡೆಕ್ಕಿನಲ್ಲಿ ಫೈಬರ್‌ಗ್ಲಾಸಿಗೆ ಕಚ್ಚಿದ ಸ್ಕ್ರೂಗಳಿಗಾದರೆ ದೊಡ್ಡ ಸೋಲ್ಡರಿಂಗ್ ಐರನ್ನಿನ ಕಾದ ತುದಿಯನ್ನು ತಲೆಯ ಮೇಲೆ ಕೆಲವು ನಿಮಿಷ ಒತ್ತಿ ಹಿಡಿದರೆ ಸಾಕು.

ಈಗ ಎಕ್ಸ್‌ಟ್ರ್ಯಾಕ್ಟರ್ ವಿಷಯಕ್ಕೆ ಬರುತ್ತೇನೆ. ಇಂಪ್ಯಾಕ್ಟ್ ಡ್ರೈವರ್ ಕೊಳ್ಳುವ ಮೊದಲೇ, ಉದ್ದ ಹಿಡಿಯ ಸ್ಪ್ಯಾನರ್ ಹಾಕಿ ಬಲವಂತ ಮಾಡಿ ಎರಡು ಸ್ಕ್ರೂಗಳ ತಲೆಯನ್ನು ಮುರಿದುಕೊಂಡಿದ್ದೆ. ಮುರಿದ ಸ್ಕ್ರೂವಿನ ನಡುವೆ ತೂತು ಕೊರೆದು, ಎಡಸುತ್ತಿನ ಮೊನಚು ಎಕ್ಸ್‌ಟ್ರ್ಯಾಕ್ಟರನ್ನು ಅದರೊಳಗೆ ತಿರುಗಿಸಿದರೆ ಸ್ಕ್ರೂ ತಾನಾಗಿ ಹೊರಬರುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಮೊದಲನೆಯದಕ್ಕೆ ಅದರ ಅಗತ್ಯವೇ ಬೀಳಲಿಲ್ಲ. ಎಡಸುತ್ತಿನ ಡ್ರಿಲ್ ಬಿಟ್ಟಿನಿಂದ ಕೊರೆಯುತ್ತಿರುವಾಗಲೇ ಆ ಬಿಟ್ಟು ಕಚ್ಚಿ ಸ್ಕ್ರೂವನ್ನು ಹೊರಕ್ಕೆ ತಿರುಗಿಸಿತು. ಎರಡನೆಯದು ಹಾಗೆ ಬರಲಿಲ್ಲ. 3 ಮಿ.ಮೀ. ತೂತಿನೊಳಗೆ ಎಕ್ಸ್‌ಟ್ರ್ಯಾಕ್ಟರನ್ನು ತಿರುಗಿಸುತ್ತಾ ಹೋದಂತೆ ಹಿಡಿ ಮೊದಲು ಬಿಗಿಯಾಯಿತು, ಆಮೇಲೆ ತುಸು ಸ್ಪ್ರಿಂಗಿನಂತೆ ಹಿಂದಕ್ಕೆ ಒದೆಯಿತು, ಮರುಕ್ಷಣ ಟಣ್ ಎಂದು ತುಂಡಾಗಿ ಅದರ ತುದಿ ಸ್ಕ್ರೂವಿನೊಳಗೇ ಉಳಿಯಿತು.

ಆಮೇಲೆ ಕುಳಿತು ಯೋಚಿಸಿದಾಗ ಇದು ಆಗಲೇಬೇಕಿತ್ತು ಎಂಬುದು ಸ್ಪಷ್ಟವಾಯಿತು. 6 ಮಿ.ಮೀ. ದಪ್ಪದ ಸ್ಕ್ರೂ ಮುರಿಯುವಷ್ಟು ತಿರುಚಿದಾಗಲೂ ಮಣಿಯದ ಹಿಡಿತವು, ಅದರ ಅರ್ಧ ದಪ್ಪದ ಕಡ್ಡಿಯೊಂದು ತಿರುಚಿದಾಗ ಮಣಿಯುವುದೆಂದು ನಂಬುವುದಕ್ಕೆ ಕಾರಣವೇ ಇಲ್ಲ. ಅದರ ಮೇಲೆ, ಮೊನಚಾದ ಎಕ್ಸ್‌ಟ್ರ್ಯಾಕ್ಟರ್ ಒಳಗಿಳಿದಷ್ಟೂ ಬೆಣೆಯಂತೆ ಕೆಲಸ ಮಾಡಿ, ಕೊರೆದು ತೆಳುವಾಗಿಸಿದ ಸ್ಕ್ರೂವಿನ ಗೋಡೆಯನ್ನು ಸುತ್ತಲಿನ ಥ್ರೆಡ್‌ಗಳಿಗೆ ಇನ್ನಷ್ಟು ಒತ್ತುತ್ತದೆ. ತಲೆ ಮುರಿದದ್ದು ಸೀಳು ಕೆಟ್ಟೋ ಅಡ್ಡಪೆಟ್ಟಿಗೋ ಆಗಿದ್ದರೆ ಎಕ್ಸ್‌ಟ್ರ್ಯಾಕ್ಟರ್ ಉಪಯೋಗಕ್ಕೆ ಬರಬಹುದು. ಕಚ್ಚಿಕೊಂಡೇ ಮುರಿದ ಸ್ಕ್ರೂವಿಗೆ ಬರುವುದಿಲ್ಲ.

ನಿಜವಾದ ತೊಂದರೆ ಶುರುವಾದದ್ದು ಅದು ಮುರಿದ ಮೇಲೆ. ಎಕ್ಸ್‌ಟ್ರ್ಯಾಕ್ಟರನ್ನು ಗಡಸು ಉಕ್ಕಿನಿಂದ ಮಾಡಿರುವುದರಿಂದ ಸಾಧಾರಣ ಡ್ರಿಲ್ ಬಿಟ್ಟು ಅದರ ಮೇಲೆ ಜಾರುತ್ತದೆ, ಜಾರಿ ಪಕ್ಕದ ಮೆದು ಅಲ್ಯೂಮಿನಿಯಂ ಕಡೆಗೆ ಹೊರಳುತ್ತದೆ. ನನ್ನ ಮೂರು ಬಿಟ್ಟುಗಳು ಹೀಗೆ ಮೊಂಡಾದವು. ಗಡಸು ಉಕ್ಕು ಪೆಡಸೂ ಆಗಿರುತ್ತದೆಂದು ಪಂಚ್ ಇಟ್ಟು ಹೊಡೆದು ಪುಡಿಮಾಡಲು ನೋಡಿದಾಗ ಮೇಲಿನ ಒಂದು ಚೂರು ಹಾರಿತೇ ಹೊರತು ಉಳಿದದ್ದು ಕದಲಲಿಲ್ಲ. ಕಾರ್ಬೈಡ್ ಬಿಟ್ಟು ಕೈ ಡ್ರಿಲ್ಲಿನ ಅಲುಗಾಟಕ್ಕೆ ತಾನೇ ತುದಿ ಮುರಿದುಕೊಂಡಿತು. ಕೊನೆಗೆ ಕೊಳವೆಯಾಕಾರದ ಕಟ್ಟರಿನಿಂದ ಸ್ಕ್ರೂವಿನ ಸುತ್ತಲಿನ ಕಂಬದ ಗೋಡೆಯನ್ನೇ 12 ಮಿ.ಮೀ. ಅಗಲಕ್ಕೆ ಕತ್ತರಿಸಿ ತೆಗೆದೆ, ಆ ತೂತಿನ ಮೇಲೆ ಅಲ್ಯೂಮಿನಿಯಂ ತುಂಡೊಂದನ್ನು ರಿವೆಟ್ ಮಾಡಿದೆ, ಕ್ಲೀಟನ್ನು ಒಂದು ಗೇಣು ಮೇಲಕ್ಕೆ ಹೊಸ ತೂತುಗಳಲ್ಲಿ ಕೂರಿಸಿದೆ. ಒಂದು ಸ್ಕ್ರೂವಿಗಾಗಿ ಎರಡು ಪೂರ್ತಿ ದಿನಗಳು ಹೋದವು, ಮತ್ತು ಕಂಬದ ಮೇಲಿನ ಆ ತೇಪೆಯನ್ನು ನೋಡಿದಾಗಲೆಲ್ಲ ನನಗೆ ಈಗಲೂ ನೋವಾಗುತ್ತದೆ.

ಲೋಹ ಕತ್ತರಿಸುವ ಗ್ರೈಂಡರನ್ನು ಕಂಬಕ್ಕೆ ಒಯ್ಯಲಿಲ್ಲ. ಮೋಟಾರಿನ ಬ್ರಾಕೆಟ್ಟಿನಲ್ಲಿ ತುಕ್ಕು ತಿಂದು ಆಕಾರವೇ ಕೆಟ್ಟಿದ್ದ ಕಬ್ಬಿಣದ ನಟ್ಟುಗಳನ್ನು ಅದರಿಂದ ಸೀಳಿದೆ, ಕೆಲಸ ನಿಮಿಷಗಳಲ್ಲಿ ಮುಗಿಯಿತು. ಅದರ ಕಿಡಿಗಳು ಜೆಲ್‌ಕೋಟಿನಲ್ಲಿ ಹುದುಗಿ ಆಮೇಲೆ ತುಕ್ಕಿನ ಚುಕ್ಕೆಗಳಾಗುವುದರಿಂದ ಸುತ್ತಲೂ ಒದ್ದೆ ಬಟ್ಟೆ ಹೊದಿಸಬೇಕು.

ನಾನು ಒಬ್ಬನೇ ಕೆಲಸ ಮಾಡುವವನು. ರಜೆಯ ದಿನಗಳಲ್ಲಿ ಮಾತ್ರ ದೋಣಿಯ ಬಳಿ ಹೋಗುತ್ತೇನೆ, ಮುರಿದದ್ದನ್ನು ಸರಿಪಡಿಸಲು ಕಾರ್ಯಾಗಾರಕ್ಕೆ ಕೊಡುವಷ್ಟು ಹಣವನ್ನು ಎತ್ತಿಡುವುದಿಲ್ಲ. ಆದ್ದರಿಂದ ಕೆಟ್ಟರೂ ಮೊದಲಿದ್ದ ಸ್ಥಿತಿಗಿಂತ ಹೆಚ್ಚು ಕೆಡದ ವಿಧಾನವೇ ನನಗೆ ಬೇಕು, ಮತ್ತು ಇಂಪ್ಯಾಕ್ಟ್ ಡ್ರೈವರ್ ಸೋತರೆ ಸ್ಕ್ರೂ ಇದ್ದಲ್ಲೇ ಇರುತ್ತದೆ ಅಷ್ಟೆ. ಅದಕ್ಕೆ ವಿದ್ಯುತ್ತೂ ಬೇಡ. ಬಿಸಿಗಾಳಿಯ ಗನ್ನಿಗೆ ಬೇಕು, ಆದ್ದರಿಂದ ಹಠಮಾರಿ ಸ್ಕ್ರೂಗಳನ್ನು ದೋಣಿ ದಡಕ್ಕೆ ಬಂದು ವಿದ್ಯುತ್ ಸಿಗುವ ದಿನಕ್ಕೆ ಬಿಟ್ಟುಕೊಳ್ಳುತ್ತೇನೆ. ಕೆಲಸದ ಬೆಂಚಿನ ಮೇಲೆ ಭಾಗವನ್ನು ಗಟ್ಟಿಯಾಗಿ ಹಿಡಿಸಿ, ನಿಂತ ಡ್ರಿಲ್ಲಿನಲ್ಲಿ ನೇರವಾಗಿ ಕೊರೆಯುವ ಅನುಕೂಲವಿರುವವರಿಗೆ ಎಡಸುತ್ತಿನ ಬಿಟ್ಟು ನನಗಿಂತ ಹೆಚ್ಚು ಒಲಿಯಬಹುದು; ಅವರೂ ಸ್ಟೇನ್‌ಲೆಸ್ ಸ್ಟೀಲನ್ನು ನಿಧಾನ ವೇಗದಲ್ಲಿ, ಬಲವಾಗಿ ಒತ್ತಿ ಕೊರೆಯಬೇಕು, ಏಕೆಂದರೆ ಬಿಟ್ಟು ಸುಮ್ಮನೆ ಉಜ್ಜುತ್ತಾ ಇದ್ದರೆ ಆ ಲೋಹದ ಮೇಲ್ಮೈ ಇನ್ನಷ್ಟು ಗಡಸಾಗುತ್ತದೆ.

ಹೊಸ ಸ್ಕ್ರೂಗಳನ್ನು ಹಾಕುವಾಗ ಪ್ರತಿಯೊಂದರ ಥ್ರೆಡ್ಡಿಗೂ ಎರಡು ಲೋಹಗಳ ನಡುವಿನ ಸವೆತವನ್ನು ತಡೆಯುವ ಡ್ಯುರಾಲಾಕ್ ಪೇಸ್ಟ್ ಬಳಿದೆ, ಕ್ಲೀಟಿನ ಅಡಿಗೆ ತೆಳುವಾದ ನೈಲಾನ್ ಹಾಳೆ ಇಟ್ಟೆ. ಕಳೆದ ಬಾರಿ ಕಂಬವನ್ನು ಇಳಿಸಿದಾಗ ಪರೀಕ್ಷೆಗೆಂದು ಹನ್ನೆರಡನ್ನೂ ಅರ್ಧ ಸುತ್ತು ಸಡಿಲಿಸಿ ಮತ್ತೆ ಬಿಗಿದೆ, ಎಲ್ಲವೂ ಸಾಧಾರಣ ಸ್ಕ್ರೂಡ್ರೈವರಿಗೇ ತಿರುಗಿದವು.