ಲಾಲಾರಸದ ಮಾದರಿ: ಕೊಳವೆಗೆ ಇಳಿಸುವುದೋ, ಹತ್ತಿಗೆ ಹೀರಿಸುವುದೋ?

ಮೈಸೂರಿನ ನಮ್ಮ ಪ್ರಯೋಗಾಲಯದಲ್ಲಿ ಲಾಲಾರಸದ ಪ್ರೋಟೀನುಗಳ ಅಧ್ಯಯನಕ್ಕೆ ತೊಡಗಿದಾಗ, ಮಾದರಿಯನ್ನು ಪಡೆಯುವ ಎರಡು ವಿಧಾನಗಳನ್ನು ಅದೇ ಜನರಲ್ಲಿ, ಸಾಧ್ಯವಾದಷ್ಟೂ ಒಂದೇ ಬೆಳಿಗ್ಗೆ ಮಾಡಿ ನೋಡಿದೆ. ತಲೆ ತಗ್ಗಿಸಿ ಕುಳಿತು, ಮಂಜುಗಡ್ಡೆಯಲ್ಲಿಟ್ಟ ಕೊಳವೆಗೆ ಜೊಲ್ಲು ತಾನಾಗಿ ಇಳಿಯಲು ಬಿಡುವುದು ಒಂದು. ಹತ್ತಿಯ ಸುರುಳಿಯನ್ನು ಬಾಯಲ್ಲಿಟ್ಟುಕೊಂಡು, ಬಳಿಕ ಅದನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ರಸವನ್ನು ಬೇರ್ಪಡಿಸುವುದು ಇನ್ನೊಂದು.

ಜನರ ಒಪ್ಪಿಗೆಯ ಮಟ್ಟಿಗೆ ಹತ್ತಿಯೇ ಮುಂದು. ನಮ್ಮಲ್ಲಿ ಎಂಜಲಿನ ಮಡಿವಂತಿಕೆ ಸಣ್ಣದಲ್ಲ. ಮಂಡ್ಯದ ಕಡೆಯಿಂದ ಬಂದಿದ್ದ ಅಜ್ಜಿಯೊಬ್ಬರು ಕೊಳವೆಯನ್ನು ಕಂಡೊಡನೆ ಬಾಯಿಗೆ ಸೆರಗು ಅಡ್ಡ ಹಿಡಿದು, ‘ಎಂಜ್ಲ ನಿನ್ ಕೈಗ್ ಕೊಡಾದಾ ಮಗ?’ ಎಂದು ಹಿಂಜರಿದರು. ಹತ್ತಿಯನ್ನು ಒಪ್ಪಿದರಾದರೂ, ಮಾತ್ರೆಗಳಿಂದಾಗಿ ಅವರ ಬಾಯಿ ಒಣಗಿದ್ದ ಕಾರಣ, ಬಂದ ಅಷ್ಟಿಷ್ಟು ರಸವನ್ನು ಸುರುಳಿಯೇ ಹಿಡಿದಿಟ್ಟುಕೊಂಡಿತು. ಮರುವಾರ ಪರದೆಯ ಹಿಂದೆ ಕೂರಿಸಿ, ಮುಚ್ಚಳವನ್ನು ಅವರ ಕೈಯಿಂದಲೇ ಹಾಕಿಸಿದಾಗ, ಹದಿನೈದು ನಿಮಿಷಗಳಲ್ಲಿ ಕೊಳವೆಗೆ ಸಾಕಷ್ಟು ರಸ ಇಳಿಯಿತು. ಕೇಳುವವರ ಸೌಜನ್ಯವೂ ಈ ವಿಧಾನದ ಒಂದು ಭಾಗವೆಂದು ನಾನು ಅಂದಿನಿಂದ ಎಣಿಸುತ್ತೇನೆ.

ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡಿಸುವ ಜೆಲ್‌ನಲ್ಲಿ ಎರಡೂ ಮಾದರಿಗಳನ್ನು ಓಡಿಸಿ ನೋಡಿದಾಗ ವ್ಯತ್ಯಾಸ ಇನ್ನೂ ಸ್ಪಷ್ಟವಾಯಿತು. ಲಾಲಾರಸದಲ್ಲಿ ಹೇರಳವಾಗಿರುವ, ಪಿಷ್ಟವನ್ನು ಕರಗಿಸುವ ಕಿಣ್ವವಾದ ಅಮೈಲೇಸ್ ಎರಡರಲ್ಲೂ ದಟ್ಟ ಪಟ್ಟಿಯಾಗಿ ಕಂಡಿತು. ಆದರೆ ಸಕ್ಕರೆಯ ಸರಪಳಿಗಳನ್ನು ಹೊತ್ತ, ಅಂಟಾದ ಮ್ಯೂಸಿನ್‌ಗಳು ಹತ್ತಿಯ ಎಳೆಗಳಿಗೆ ಕಚ್ಚಿಕೊಂಡು ಉಳಿದಿದ್ದರಿಂದ, ಆ ಮಾದರಿಯಲ್ಲಿ ದೊಡ್ಡ ಪ್ರೋಟೀನುಗಳು ನಿಲ್ಲುವ ಜೆಲ್‌ನ ಮೇಲ್ಭಾಗ ಮಸುಕಾಗಿತ್ತು. ರೋಗನಿರೋಧಕ ಇಮ್ಯುನೊಗ್ಲೋಬ್ಯುಲಿನ್ ಎ ಕೂಡ ಹತ್ತಿಯ ಮಾದರಿಯಲ್ಲಿ ಕಡಿಮೆಯೇ ಕಂಡಿತು. ರೋಗದ ಗುರುತನ್ನು ಹುಡುಕುವವರಿಗೆ ಇದು ದೊಡ್ಡ ಅಪಾಯ, ಏಕೆಂದರೆ ಹತ್ತಿ ಕಸಿದುಕೊಂಡ ಪ್ರೋಟೀನನ್ನು ರೋಗವೇ ಕುಗ್ಗಿಸಿತೆಂದು ತಪ್ಪಾಗಿ ಓದಿಬಿಡಬಹುದು. ಕಾರ್ಟಿಸೋಲ್ ಎಂಬ ಸಣ್ಣ ಹಾರ್ಮೋನನ್ನು ಮಾತ್ರ ಅಳೆಯುವುದಾದರೆ ಹತ್ತಿ ಸಾಕು.

ಮೇಣ ಅಗಿಸಿಯೂ ನೋಡಿದೆ. ರಸ ಬೇಗ ಬರುತ್ತದೆ, ಆದರೆ ಕಿವಿಯ ಬಳಿಯ ಗ್ರಂಥಿಯ ಪಾಲು ಹೆಚ್ಚಿ ಮಿಶ್ರಣವೇ ಬದಲಾಗುವುದರಿಂದ ಅದನ್ನು ಕೈಬಿಟ್ಟೆ.

ಕೊಳವೆಯ ವಿಧಾನಕ್ಕೂ ಶಿಸ್ತು ಬೇಕು. ಶಿಲೀಂಧ್ರಗಳನ್ನು ತಡೆಯುವ ಸಣ್ಣ ಪ್ರೋಟೀನುಗಳಾದ ಹಿಸ್ಟಾಟಿನ್‌ಗಳು ಬಾಯಿಯ ಕಿಣ್ವಗಳಿಂದ ಕೆಲವೇ ನಿಮಿಷಗಳಲ್ಲಿ ತುಂಡಾಗತೊಡಗುವುದರಿಂದ, ಕೂಡಲೇ 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಸಣ್ಣ ಪಾಲುಗಳಾಗಿ ಹಂಚಿ, ಮೈನಸ್ 80 ಡಿಗ್ರಿಯಲ್ಲಿ ಇಡುತ್ತೇನೆ. ಎಲೆಅಡಿಕೆ ಹಾಕಿ ಬಂದವರ ವಿಷಯದಲ್ಲಿ ಮಾತ್ರ ಎರಡೂ ವಿಧಾನಗಳು ಸೋಲುತ್ತವೆ. ಅಡಿಕೆಯ ಒಗರಿನ ಅಂಶವಾದ ಟ್ಯಾನಿನ್, ಪ್ರೋಲಿನ್ ಎಂಬ ಅಮೈನೋ ಆಮ್ಲ ಸಮೃದ್ಧವಾಗಿರುವ ಪ್ರೋಟೀನುಗಳನ್ನು ಬಾಯಲ್ಲಿಯೇ ಹಿಡಿದು ಗರಣೆಗಟ್ಟಿಸುವುದರಿಂದ, ಅಂಥವರನ್ನು ಮರುದಿನ ಎಲೆ ಹಾಕುವ ಮುನ್ನವೇ ಬರುವಂತೆ ಕೇಳಿಕೊಳ್ಳುತ್ತೇನೆ.