ಕೋರ್ಟು ಹೋಗಿ ಗ್ಯಾಲರಿ ಬಂತು: ಸಿಂಗಪುರದ ನ್ಯಾಷನಲ್ ಗ್ಯಾಲರಿ, ಕಟ್ಟಡದ ಕಣ್ಣಿನಿಂದ

ಸಿಂಗಪುರಕ್ಕೆ ಹೊರಟ ನಮ್ಮವರ ಪಟ್ಟಿಯಲ್ಲಿ ಸೆಂಟೋಸಾ ಇರುತ್ತದೆ, ಮುಸ್ತಫಾ ಅಂಗಡಿ ಇರುತ್ತದೆ. ನ್ಯಾಷನಲ್ ಗ್ಯಾಲರಿ ಇರುವುದು ಅಪರೂಪ. ಚಿತ್ರಕಲೆ ನಮಗೆ ಅರ್ಥವಾಗುವುದಿಲ್ಲ ಎಂದು ಬಿಟ್ಟುಬಿಡುತ್ತಾರೆ. ಚಿತ್ರ ಬಿಡಿ, ಹಳೆಯ ಸರ್ಕಾರಿ ಕಟ್ಟಡಕ್ಕೆ ಹೊಸ ಕೆಲಸ ಕೊಡುವುದು ಹೇಗೆ ಎಂದು ನೋಡಲಿಕ್ಕಾದರೂ ಅರ್ಧ ದಿನ ಎತ್ತಿಡಬೇಕಾದ ಜಾಗವಿದು. ಕೆಲಸ ಎಲ್ಲ ಕಡೆ ಒಂದೇ ಸಮ ಆಗಿಲ್ಲ. ಎಲ್ಲಿ ಗೆದ್ದಿದೆ, ಎಲ್ಲಿ ಎಡವಿದೆ ಎಂದು ನೋಡುವುದರಲ್ಲೇ ಸ್ವಾರಸ್ಯ.

ಪಡಾಂಗ್ ಮೈದಾನಕ್ಕೆ ಮುಖ ಮಾಡಿ ಅಕ್ಕಪಕ್ಕ ನಿಂತ ಎರಡು ಕಟ್ಟಡಗಳಿವು. 1929ರಲ್ಲಿ ಮುಗಿದ ಮುನಿಸಿಪಲ್ ಕಚೇರಿ ಒಂದು. 1951ರಿಂದ ಅದರ ಹೆಸರು ಸಿಟಿ ಹಾಲ್. 1939ರಲ್ಲಿ ತೆರೆದ ಸುಪ್ರೀಂ ಕೋರ್ಟು ಇನ್ನೊಂದು. 1992ರಲ್ಲಿ ಎರಡೂ ರಾಷ್ಟ್ರೀಯ ಸ್ಮಾರಕಗಳಾದವು. 2005ರಲ್ಲಿ ಕೋರ್ಟು ಹಿಂಬದಿಯ ಹೊಸ ಕಟ್ಟಡಕ್ಕೆ ಹೋಯಿತು. ಫ್ರಾನ್ಸಿನ ಸ್ಟುಡಿಯೋಮಿಲೂ ಮತ್ತು ಸಿಂಗಪುರದ ಸಿಪಿಜಿ ಎಂಬ ವಾಸ್ತುವಿನ್ಯಾಸ ಸಂಸ್ಥೆಗಳು ಸೇರಿ ರೂಪಿಸಿದ ಗ್ಯಾಲರಿ 2015ರ ನವೆಂಬರಿನಲ್ಲಿ ತೆರೆಯಿತು. ವಿಸ್ತಾರ 64,000 ಚದರ ಮೀಟರ್, ನಮ್ಮ ಲೆಕ್ಕದಲ್ಲಿ ಸುಮಾರು 6.9 ಲಕ್ಷ ಚದರಡಿ. ಖರ್ಚು 53.2 ಕೋಟಿ ಸಿಂಗಪುರ ಡಾಲರ್. ದುಡ್ಡಿದ್ದರೆ ಯಾರು ಬೇಕಾದರೂ ಮಾಡುತ್ತಾರೆ ಅನ್ನಬಹುದು, ಆದರೆ ಇಲ್ಲಿನ ಒಳ್ಳೆಯ ನಿರ್ಧಾರಗಳೆಲ್ಲ ದುಡ್ಡಿನವಲ್ಲ.

ಹಳೆಯ ಕಟ್ಟಡದ ಗೋಡೆ ಉಳಿಸುವುದು ಸುಲಭದ ಭಾಗ. ಲಿಫ್ಟು, ಶೌಚಾಲಯ, ಎಸಿ ಯಂತ್ರ, ಬೆಂಕಿಯಿಂದ ತಪ್ಪಿಸಿಕೊಳ್ಳುವ ಮೆಟ್ಟಿಲು, ಚಿತ್ರಗಳ ಪೆಟ್ಟಿಗೆ ಇಳಿಸುವ ಲಾರಿಗೆ ಜಾಗ: ಇವನ್ನೆಲ್ಲ ಎಲ್ಲಿ ತುರುಕುವುದು ಎಂಬುದೇ ತಲೆನೋವು. ಹಳೆಯ ಕೋಣೆಗಳನ್ನು ಒಡೆದು ತುರುಕಿದರೆ ಉಳಿಸಿದ್ದಕ್ಕೆ ಅರ್ಥವಿಲ್ಲ. ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಎನ್‌ಜಿಎಂಎ ಈ ತೊಡಕನ್ನು ಮಾಣಿಕ್ಯವೇಲು ಬಂಗಲೆಯ ಪಕ್ಕ ಹೊಸ ಬ್ಲಾಕು ಕಟ್ಟಿ ಬಿಡಿಸಿಕೊಂಡಿತು. ಅಲ್ಲಿ ಸುತ್ತ ತೋಟವಿತ್ತು. ಇಲ್ಲಿ ಸುತ್ತಲೂ ರಸ್ತೆ. ಹಾಗಾಗಿ ನೆಲದಡಿಗೆ ಅಗೆದರು. ಹಳೆಯ ತಳಪಾಯದ ಪಕ್ಕದಲ್ಲೇ ಅಗೆದಾಗ ಮಣ್ಣು ಜರುಗುತ್ತದೆ, ನೀರಿನ ಮಟ್ಟ ಇಳಿದರೆ ಕಟ್ಟಡ ಒಂದು ಕಡೆ ಕೂರುತ್ತದೆ. ಅದಕ್ಕೇ ಮೊದಲು ಮೈಕ್ರೋಪೈಲುಗಳನ್ನು, ಅಂದರೆ ನೆಲದಾಳಕ್ಕೆ ಹೋಗುವ ಸಣ್ಣ ವ್ಯಾಸದ ಕಂಬಗಳನ್ನು ಇಳಿಸಿ, ಕಂಬಗಳ ಭಾರವನ್ನು ಅವುಗಳ ಮೇಲೆ ಹೊರಿಸಿ, ಆಮೇಲೆ ಅಗೆಯುವುದು ಕ್ರಮ. ನೋಡುವವರ ಕಣ್ಣಿಗೆ ಇದಾವುದೂ ಬೀಳದು. ಎರಡೂ ಕಟ್ಟಡಗಳನ್ನು ಕೂಡಿಸುವ ಅಗಲವಾದ ನೆಲಮಾಳಿಗೆಯಷ್ಟೇ ಕಾಣುತ್ತದೆ.

ಮೇಲೆ ತಲೆ ಎತ್ತಿದರೆ ಎರಡು ಕಟ್ಟಡಗಳ ನಡುವಿನ ಓಣಿಗೆ ಗಾಜು ಮತ್ತು ಲೋಹದ ಜಾಲರಿಯ ಚಾವಣಿ. ಅದನ್ನು ಮರದ ಕೊಂಬೆಗಳಂತೆ ಕವಲೊಡೆದ ಉಕ್ಕಿನ ಕಂಬಗಳು ಹೊತ್ತಿವೆ. ಚಾವಣಿಗೆ ಬೇರೆ ಕಂಬ ಏಕೆ ಎಂದು ನೋಡಲು ಎಂಜಿನಿಯರುಗಳು ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಹೊಸ ಭಾರವನ್ನು ಹಳೆಯ ಗೋಡೆಗೆ ಕಚ್ಚಿಸಿದರೆ ಎರಡರ ತಳಪಾಯ ಬೇರೆಬೇರೆ ಪ್ರಮಾಣದಲ್ಲಿ ಕೂರುತ್ತದೆ, ಬಿಸಿಲಿಗೆ ಹಿಗ್ಗುವುದೂ ಬೇರೆಬೇರೆ; ಸೇರುವೆಯಲ್ಲಿ ಬಿರುಕು ಬಿಟ್ಟು ಮಳೆನೀರು ಒಳಗೆ ಇಳಿಯುತ್ತದೆ. ನಮ್ಮೂರುಗಳಲ್ಲಿ ಹಳೆಯ ಗಾರೆಗೋಡೆಗೆ ಆರ್‌ಸಿಸಿ ಸ್ಲ್ಯಾಬು ಕೂಡಿಸಿದ ಶಾಲೆ, ಕಚೇರಿಗಳ ಮೂಲೆಯಲ್ಲಿ ಕಾಣುವ ಕಪ್ಪು ಕಲೆಗೆ ಬಹುಪಾಲು ಇದೇ ಕಾರಣ. ಮಧ್ಯಾಹ್ನದ ಬಿಸಿಲು ಜಾಲರಿಯಲ್ಲಿ ಸೋಸಿ ಬರುವಾಗ ಈ ಓಣಿ ಇಡೀ ಯೋಜನೆಯ ಅತ್ಯುತ್ತಮ ಜಾಗ.

ಸಿಟಿ ಹಾಲ್ ಮುಖಮಂಟಪದ ಕೊರಿಂಥಿಯನ್ (ತಲೆಯಲ್ಲಿ ಎಲೆಗಳ ಅಲಂಕಾರವಿರುವ ಗ್ರೀಕ್ ಶೈಲಿಯ) ಕಂಬಸಾಲನ್ನು ಕಲ್ಲೆಂದು ನಂಬಬೇಡಿ. ಹೊರಮೈ ಶಾಂಘೈ ಪ್ಲಾಸ್ಟರ್: ಸಿಮೆಂಟಿಗೆ ಗ್ರಾನೈಟ್ ಚೂರು ಬೆರೆಸಿ ಬಳಿದು, ಗಟ್ಟಿಯಾಗುವ ಮುಂಚೆ ಮೇಲ್ಪದರ ತೊಳೆದು ಚೂರು ಕಾಣಿಸುವ ವಿಧಾನ. ರಿಪೇರಿಗೆ ಕಷ್ಟ. ಚೂರಿನ ಗಾತ್ರವೋ ಬಣ್ಣವೋ ಸ್ವಲ್ಪ ಬದಲಾದರೂ ತೇಪೆ ಎದ್ದು ಕಾಣುತ್ತದೆ. ಮುಚ್ಚಲು ಪೇಂಟು ಹೊಡೆದರೆ ಕಲ್ಲಿನ ಭ್ರಮೆಯೇ ಹೋಗುತ್ತದೆ.

ಒಳಗೆ, ಕೋರ್ಟಿನ ಭಾಗ ಗೆದ್ದಿದೆ. ಕೋರ್ಟ್ ಹಾಲೆಂದರೆ ಎತ್ತರದ, ಕಂಬವಿಲ್ಲದ ದೊಡ್ಡ ಕೋಣೆ. ಗ್ಯಾಲರಿಗೆ ಬೇಕಾದ್ದೂ ಅದೇ. ಮರದ ಹಲಗೆ ಹೊದಿಸಿದ ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಹಾಗಾಗಿ ಮುಂದೆ ಬೇರೆ ಫಲಕ ನಿಲ್ಲಿಸಿ ಚಿತ್ರ ತೂಗುಹಾಕಿದ್ದಾರೆ. ನಾಳೆ ತೆಗೆದರೂ ಹಳೆಯದಕ್ಕೆ ಗಾಯವಿಲ್ಲ. ಕೈದಿಗಳನ್ನು ಇರಿಸುತ್ತಿದ್ದ ಕೊಠಡಿಗಳಲ್ಲಿ ಎರಡನ್ನು ಹಾಗೇ ಬಿಟ್ಟಿದ್ದಾರೆ, ತಪ್ಪದೆ ನೋಡಿ. ಗುಮ್ಮಟದಡಿಯ ದುಂಡನೆಯ ಕಾನೂನು ಗ್ರಂಥಾಲಯ ಈಗಲೂ ಓದುಕೋಣೆಯೇ. 1937ರ ಅಡಿಗಲ್ಲಿನ ಕೆಳಗೊಂದು ಪೆಟ್ಟಿಗೆ ಇದೆಯಂತೆ, ತೆರೆಯುವುದು ಕ್ರಿ.ಶ. 3000ದಲ್ಲಿ, ಕೋರ್ಟಿನ ವಾಯಿದೆ ಎಂದರೆ ಇದು.

ಸಿಟಿ ಹಾಲ್ ಭಾಗ ಅಷ್ಟು ತೃಪ್ತಿ ಕೊಡುವುದಿಲ್ಲ. ಗುಮಾಸ್ತರ ಸಣ್ಣ ಸಣ್ಣ ಕೋಣೆಗಳು ಗ್ಯಾಲರಿಗೆ ಒಗ್ಗುವಂಥವಲ್ಲ. ಬದಲಿಸಿ ಬದಲಿಸಿ ಕೆಲವು ಕಡೆ ಯಾವ ಊರಿನ ಯಾವ ಮ್ಯೂಸಿಯಮ್ಮೋ ಎನ್ನುವಂಥ ಬಿಳಿ ಹಜಾರ ಉಳಿದಿದೆ. ಮೇಲಿನ ಸಭಾಂಗಣ ಮಾತ್ರ ಹಳೆಯ ಗಾಂಭೀರ್ಯದಲ್ಲೇ ಇದೆ. 1945ರ ಸೆಪ್ಟೆಂಬರ್ 12ರಂದು ಜಪಾನಿ ಸೇನೆ ಶರಣಾಗತಿ ಪತ್ರಕ್ಕೆ ಸಹಿ ಹಾಕಿದ್ದು ಇಲ್ಲೇ. 1959ರಲ್ಲಿ ಸಿಂಗಪುರದ ಮೊದಲ ಪ್ರಧಾನಿಯಾಗಿ ಲೀ ಕ್ವಾನ್ ಯೂ ಪ್ರಮಾಣವಚನ ಸ್ವೀಕರಿಸಿದ್ದೂ ಇದೇ ಕಟ್ಟಡದಲ್ಲಿ.

ದೊಡ್ಡ ದೂರೆಂದರೆ ದಾರಿ. ಎರಡು ಕಟ್ಟಡ, ಬೇರೆಬೇರೆ ಕಾಲದ ಮಹಡಿಗಳು, ನಡುವೆ ಸೇತುವೆ, ಕೆಳಗೆ ನೆಲಮಾಳಿಗೆ. ನಕ್ಷೆ ಇಲ್ಲದೆ ಹೊರಟರೆ ಅದೇ ಮೆಟ್ಟಿಲಿಗೆ ಮತ್ತೆ ಬರುತ್ತೀರಿ. ಕೋರ್ಟಿನ ಕಡೆ ಶುರುಮಾಡಿ ಮೇಲೇರಿ, ಸೇತುವೆ ದಾಟಿ ಸಭಾಂಗಣ ನೋಡಿ, ತಾರಸಿಗೆ ಹೋಗಿ, ಲಿಫ್ಟಿನಲ್ಲಿ ಇಳಿಯಿರಿ. ಕೆಲವು ಕೋಣೆ ಮಬ್ಬು ಎಂದು ಗೊಣಗಬೇಡಿ: ಕಾಗದದ ಮೇಲಿನ ಚಿತ್ರಕ್ಕೆ 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಬೆಳಕಿಗಿಂತ ಹೆಚ್ಚು ಬಿದ್ದರೆ ಬಣ್ಣ ಬೇಗ ಮಾಸುತ್ತದೆ, ತೈಲವರ್ಣ 200ರವರೆಗೆ ತಡೆಯುತ್ತದೆ. ಎಸಿ ಜೋರು, ತೆಳುವಾದ ಸ್ವೆಟರ್ ಇರಲಿ.

ಸಿಟಿ ಹಾಲ್ ಎಂಆರ್‌ಟಿ ಮೆಟ್ರೋ ನಿಲ್ದಾಣದಿಂದ ಐದು ನಿಮಿಷದ ನಡಿಗೆ. ಬೆಳಿಗ್ಗೆ 10ರಿಂದ ಸಂಜೆ 7. ಹೊರದೇಶದವರಿಗೆ ಟಿಕೆಟ್ 20 ಡಾಲರಿನ ಆಸುಪಾಸು, ಬುಕ್ ಮಾಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ಗಾಜಿನ ಚಾವಣಿಯ ಓಣಿಯಲ್ಲಿ ಸುತ್ತಾಡಲು ಟಿಕೆಟ್ ಬೇಡ. ಒಳಗಿನ ಹೋಟೆಲುಗಳು ದುಬಾರಿ, ಸಸ್ಯಾಹಾರಿಗಳಿಗೆ ಆಯ್ಕೆಯೂ ಕಡಿಮೆ. ಧೋಬಿ ಘಾಟ್‌ನಲ್ಲಿ ರೈಲು ಬದಲಿಸಿದರೆ ಮುಂದಿನ ನಿಲ್ದಾಣವೇ ಲಿಟಲ್ ಇಂಡಿಯಾ. ಊಟ ಅಲ್ಲೇ ಮಾಡಿ.