ಕೈಗಾ ಸುದ್ದಿ: ವರದಿ ಕತ್ತರಿಸಿಡಬೇಕೋ, ಲೇಖನವೋ?

ವಿಜಯಪುರದಲ್ಲಿ ಕೆಎಎಸ್‌ಗೆ ಓದುವವರು ಅಣುವಿದ್ಯುತ್ ಬಗ್ಗೆ ಪೇಪರ್ ಕಟಿಂಗ್ ಕೂಡಿಡುವಾಗ ಸುದ್ದಿಪುಟದ ವರದಿ ಮತ್ತು ಸಂಪಾದಕೀಯ ಪುಟದ ಲೇಖನ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ವರದಿಯ ಬಲ ದಿನಾಂಕ, ಘಟಕದ ಸಂಖ್ಯೆ, ಅಧಿಕೃತ ಹೇಳಿಕೆ. ಅದು ಎಡವುವುದು ತಲೆಬರಹದಲ್ಲಿ. 2009ರ ನವೆಂಬರಿನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ಕುಡಿಯುವ ನೀರಿನ ಕೂಲರ್‌ನಲ್ಲಿ ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್ ಸೇರಿದ್ದು ನೌಕರರ ಮೂತ್ರ ಪರೀಕ್ಷೆಯಿಂದ ಗೊತ್ತಾಯಿತು. ಯಾರೋ ಬೇಕೆಂದೇ ಬೆರೆಸಿದ್ದಾರೆ ಎಂದರು ಅಧಿಕಾರಿಗಳು. ಇದಕ್ಕೆ ‘ವಿಕಿರಣ ಸೋರಿಕೆ’ ಎಂದು ತಲೆಬರಹ ಕೊಟ್ಟರೆ ರಿಯಾಕ್ಟರೇ ಬಿರುಕುಬಿಟ್ಟಂತೆ ಓದುಗ ತಿಳಿಯುತ್ತಾನೆ. ಚಿತ್ರವೂ ಹಾಗೇ: ನಡು ಸಣ್ಣಗಿರುವ, ಸ್ಥಾವರದ ನೀರು ತಣಿಸುವ ದೈತ್ಯ ಗೋಪುರ, ಮೇಲೆ ಬಿಳಿ ‘ಹೊಗೆ’. ಅದು ನೀರಾವಿ. ಕೈಗಾದ ಈಗಿನ ನಾಲ್ಕು ಘಟಕಗಳಿಗೆ ಅಂಥ ಗೋಪುರವೇ ಇಲ್ಲ, ಕದ್ರಾ ಜಲಾಶಯದ ನೀರೇ ಅವನ್ನು ತಣಿಸುತ್ತದೆ.

ಲೇಖನ ಕಾರಣ ಬಿಡಿಸುತ್ತದೆ, ಆದರೆ ಪಕ್ಷ ಹಿಡಿಯುತ್ತದೆ. ಪರ ಬರೆಯುವವರು ತ್ಯಾಜ್ಯದ ಮಾತನ್ನು ಒಂದೇ ಸಾಲಿಗೆ ಮುಗಿಸುತ್ತಾರೆ. ವಿರೋಧಿಗಳು ಚೆರ್ನೋಬಿಲ್, ಫುಕುಶಿಮಾ ಎನ್ನುತ್ತಾರೆ, ಅವು ಕೈಗಾದಂಥ ಭಾರಜಲ (ಭಾರದ ಹೈಡ್ರೋಜನ್ ಇರುವ ನೀರು) ರಿಯಾಕ್ಟರ್‌ಗಳಲ್ಲ ಎನ್ನುವುದಿಲ್ಲ. ನಮ್ಮ ಕೂಡಗಿಯ ಶಾಖೋತ್ಪನ್ನ ವಿದ್ಯುತ್ ಸ್ಥಾವರದ ಕಲ್ಲಿದ್ದಲ ಬೂದಿಯಂತೂ ಇಬ್ಬರಿಗೂ ನೆನಪಾಗುವುದು ಅಪರೂಪ.

ಎರಡರಲ್ಲೂ ಅಂಕಿ ತಪ್ಪುತ್ತದೆ. ಮೆಗಾವಾಟ್ ಸಾಮರ್ಥ್ಯ, ಯೂನಿಟ್ ಉತ್ಪಾದನೆ: 220 ಮೆಗಾವಾಟ್ ಘಟಕ ಪೂರ್ಣ ಬಲದಲ್ಲಿ ದಿನವಿಡೀ ಓಡಿದರೆ 52.8 ಲಕ್ಷ ಯೂನಿಟ್. ಮೈಗೆ ತಗಲುವ ವಿಕಿರಣದ ಅಳತೆಯಲ್ಲಿ ಮೈಕ್ರೋಸೀವರ್ಟ್ ಮಿಲಿಸೀವರ್ಟ್ ಆದರೆ ಸಾವಿರ ಪಟ್ಟು ಹಿಗ್ಗುತ್ತದೆ.

ಟಿಪ್ಪಣಿಗೆ ವರದಿಯೇ ಸಾಕು, ಅದೂ ಮೊದಲ ದಿನದ್ದಲ್ಲ, ಎರಡು ಮೂರು ದಿನ ಬಿಟ್ಟು ಒಳಪುಟದಲ್ಲಿ ಬರುವ ಸಣ್ಣ ಸುದ್ದಿ. ಪ್ರಬಂಧಕ್ಕಾದರೆ ಪರ ಒಂದು, ವಿರೋಧ ಒಂದು ಲೇಖನ ಜೊತೆಗೇ ಅಂಟಿಸಿಕೊಳ್ಳಿ.